ಬೈರಮಂಗಲದ ನೀರು, ರಾಮದೇವರಬೆಟ್ಟದ ಹದ್ದು

ಬಿಡದಿ ಹೋಬಳಿಯ ಬೈರಮಂಗಲ ಕೆರೆಗೆ ಮಳೆ ಕೈಕೊಟ್ಟ ವರ್ಷವೂ ನೀರಿನ ಬರವಿಲ್ಲ. ಬೆಂಗಳೂರಿನ ಬಚ್ಚಲು ಬತ್ತುವುದುಂಟೆ? 1940ರ ದಶಕದಲ್ಲಿ ವೃಷಭಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯ ಹುಟ್ಟಿದ್ದು ಬೇಸಾಯಕ್ಕೆಂದು. ಈಗ ಅದರಿಂದ ಹೊರಬೀಳುವ ನೀರು ಬಿಳಿ ನೊರೆಯನ್ನು ರಾಶಿರಾಶಿಯಾಗಿ ಹೊತ್ತು ಇಳಿಯುತ್ತದೆ. ಅಚ್ಚುಕಟ್ಟಿನಲ್ಲಿ ಭತ್ತ ಹಿಂದೆ ಸರಿದು ಬೇಬಿಕಾರ್ನ್, ಸೀಮೆಹುಲ್ಲು, ಹಿಪ್ಪುನೇರಳೆ ಬಂದಿವೆ.

ಇದೇ ತಾಲ್ಲೂಕಿನ ರಾಮದೇವರಬೆಟ್ಟದ ಬಂಡೆಗಳನ್ನು ‘ಶೋಲೆ’ ಸಿನಿಮಾ ನೋಡಿದವರೆಲ್ಲ ಬಲ್ಲರು. ಅಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದನ್ನು ಬಲ್ಲವರು ಕಡಿಮೆ. ಕೆಳಗಿನ ಕೆರೆ, ಮೇಲಿನ ಬಂಡೆ ಎರಡರ ಬಗ್ಗೆಯೂ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದಾರೆ, ಆದರೆ ಬೇರೆ ಬೇರೆಯಾಗಿ.

ಮೊದಮೊದಲು ನಮ್ಮಲ್ಲಿ ವನ್ಯಜೀವಿ ಅಧ್ಯಯನವೆಂದರೆ ಪಟ್ಟಿ ಮಾಡುವ ಕೆಲಸ. 1939-40ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನ ಸುತ್ತಿ ಪಕ್ಷಿ ಸಮೀಕ್ಷೆ ನಡೆಸಿದರು. ಆ ಕಾಲಕ್ಕೆ ರಣಹದ್ದು ಯಾರೂ ಚಿಂತಿಸಬೇಕಾದ ಹಕ್ಕಿಯಾಗಿರಲಿಲ್ಲ. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ರಣಹದ್ದುಗಳ ಎಣಿಕೆ ನಡೆಸಿದಾಗ ಸಂಖ್ಯೆ ಧಡಕ್ಕನೆ ಕುಸಿದದ್ದು ಕಂಡಿತು. ಯಾವುದೋ ಸೋಂಕಿರಬೇಕೆಂದು ಅನೇಕರು ಗುಮಾನಿಪಟ್ಟರು. ನಿಜವಾದ ಅಪರಾಧಿಯನ್ನು ಪಾಕಿಸ್ತಾನದಲ್ಲಿ ಹದ್ದುಗಳ ಹೆಣ ಕೊಯ್ದು ನೋಡಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಹಿಡಿದರು. 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ದನಕ್ಕೆ ನೋವು ನಿವಾರಕವಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆ. ಯೂರಿಕ್ ಆಮ್ಲ ಹೊರಹೋಗಲಾರದೆ ಒಳಗಿನ ಅಂಗಾಂಗಗಳ ಮೇಲೆ ಬಿಳಿ ಲೇಪದಂತೆ ಕೂರುತ್ತದೆ. ಮದ್ದಿರುವ ಹೆಣ ನೂರಕ್ಕೆ ಒಂದಕ್ಕಿಂತ ಕಡಿಮೆಯಿದ್ದರೂ ಇಡೀ ಸಂತತಿ ಕುಸಿಯಲು ಸಾಕೆಂದು ಲೆಕ್ಕಾಚಾರ ತೋರಿಸಿತು. ವರ್ಷಕ್ಕೊಂದೇ ಮೊಟ್ಟೆಯಿಡುವ ಹಕ್ಕಿ ಆ ನಷ್ಟವನ್ನು ತುಂಬಿಕೊಳ್ಳುವುದೆಂತು?

2006ರಲ್ಲಿ ಭಾರತ ದನಗಳಿಗೆ ಈ ಮದ್ದನ್ನು ನಿಷೇಧಿಸಿತು. ಬದಲಿಗೆ ಹದ್ದಿಗೆ ಹಾನಿಯಿಲ್ಲದ ಮೆಲಾಕ್ಸಿಕಾಂ ಇತ್ತು. ಮನುಷ್ಯರಿಗೆಂದಿದ್ದ ಡೈಕ್ಲೋಫೆನಾಕ್ ಬಾಟಲಿ ಕೊಟ್ಟಿಗೆ ಸೇರುವುದು ನಿಲ್ಲದ್ದರಿಂದ 2015ರಲ್ಲಿ ದೊಡ್ಡ ಬಾಟಲಿಗಳಿಗೂ ಕಡಿವಾಣ ಬಿತ್ತು. ಹದ್ದಿಗೆ ಅಪಾಯಕಾರಿಯಾದ ಇನ್ನೆರಡು ಮದ್ದುಗಳಾದ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಸರದಿ ಬರಲು 2023 ಆಗಬೇಕಾಯಿತು. ಈ ನಡುವೆ 2012ರಲ್ಲಿ ರಾಮದೇವರಬೆಟ್ಟವನ್ನು ರಣಹದ್ದುಗಳ ಧಾಮವೆಂದು ಸರ್ಕಾರ ಘೋಷಿಸಿತು. ಆದರೆ ಬೆಟ್ಟಕ್ಕೆ ಬೇಲಿ ಹಾಕಿದರೆ ಸಾಲದು. ಹದ್ದು ಉಣ್ಣುವುದು ಬೇಲಿಯಾಚೆ, ಊರಿನ ದನದ ಹೆಣವನ್ನು. ಇಂದು ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಹದ್ದುಗಳು.

ಕೆರೆಯ ಕಡೆ ಬರೋಣ. ವೃಷಭಾವತಿಯ ಮೇಲಿನ ಹಳೆಯ ಕೆಲಸಗಳಲ್ಲಿ ಕುವೆಂಪು ವಿಶ್ವವಿದ್ಯಾಲಯದ ಇ.ಟಿ. ಪುಟ್ಟಯ್ಯ ಸಹಲೇಖಕರಾಗಿ 2006ರಲ್ಲಿ ಪ್ರಕಟಿಸಿದ ಪ್ರಬಂಧ ಮುಖ್ಯವಾದದ್ದು. ಇಂಥ ಅಧ್ಯಯನಗಳು ಸಾಮಾನ್ಯವಾಗಿ ಹಗಲಿನಲ್ಲಿ, ಆಗೊಮ್ಮೆ ಈಗೊಮ್ಮೆ ಸೀಸೆ ತುಂಬಿಸಿಕೊಂಡು ಮಾಡಿದ ಪರೀಕ್ಷೆಗಳು. 2010ರ ದಶಕದಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಪ್ರಿಯಾಂಕಾ ಜಮ್ವಾಲ್ ಮತ್ತು ಸಂಗಡಿಗರು ಇರುಳಿನಲ್ಲೂ ಮಾದರಿ ತೆಗೆದರು. ನನ್ನ ಮಟ್ಟಿಗೆ ಇಲ್ಲಿನ ಸಂಶೋಧನೆ ಮಗ್ಗುಲು ಬದಲಿಸಿದ್ದು ಆಗಲೇ. ಎಲ್ಲರೂ ಮಲಗಿದ ಹೊತ್ತಿನಲ್ಲಿ ಭಾರಲೋಹದ ಪ್ರಮಾಣ ಏರುವುದು ಕಂಡಿತು. ಮನೆಗಳ ಕೊಳಚೆಗೆ ಇಷ್ಟು ಲೋಹ ಎಲ್ಲಿಂದ ಬರಬೇಕು? ಕ್ರೋಮಿಯಂ ಬಳಸುವ ಲೋಹಲೇಪನ ಘಟಕಗಳು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬೇಕಾದಷ್ಟಿವೆ. ಕೊಳಚೆ ಶುದ್ಧೀಕರಣ ಘಟಕಗಳಾದರೋ ಮುಖ್ಯವಾಗಿ ಜೈವಿಕ ಮಲಿನವಸ್ತುವನ್ನು ವಿಘಟಿಸಲು ಕಟ್ಟಿದವು. ಲೋಹವನ್ನು ಹಿಡಿಯುವುದು ಅವುಗಳ ಕೆಲಸವಲ್ಲ.

ಕೊಳಚೆಯನ್ನು ಕೆರೆಗೆ ಬಿಡದೆ ಪಕ್ಕದ ಕಾಲುವೆಯಲ್ಲಿ ಮುಂದೆ ಸಾಗಿಸುವ ಯೋಜನೆಯೊಂದು ಬಂತು. ಅದರಿಂದ ಕೆರೆ ತಿಳಿಯಾದೀತು. ಕನಕಪುರದ ಕಡೆ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಸೇರುವ ನೀರು ಮಾತ್ರ ಅದೇ. ಇದನ್ನು ಪರಿಹಾರವೆನ್ನಲು ನನಗೆ ಮನಸ್ಸಿಲ್ಲ.

ಎರಡೂ ಸಂಶೋಧನೆಗಳು ಸಂಧಿಸುವ ಜಾಗವೊಂದಿದೆ: ಹಸು. ಅದಕ್ಕೆ ಚುಚ್ಚಿದ ಮದ್ದು ಹದ್ದನ್ನು ಕೊಲ್ಲಬಲ್ಲದು. ಅದು ಮೇಯುವ ಸೀಮೆಹುಲ್ಲು ಈ ನೀರಲ್ಲೇ ಬೆಳೆಯುತ್ತದೆ. ಆದರೂ ಹದ್ದು ಅರಣ್ಯ ಇಲಾಖೆಯದ್ದು, ನೀರು ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ಹಸು ಪಶುಪಾಲನಾ ಇಲಾಖೆಯದ್ದು, ಹಾಲು ಒಕ್ಕೂಟದ್ದು. ನಾಲ್ವರಿಗೂ ಬೇಕಾದ ಪರೀಕ್ಷೆಯನ್ನು ಒಟ್ಟಾಗಿ ಮಾಡಬಹುದಲ್ಲ? ನೀರು, ಹುಲ್ಲು, ಹಾಲು, ಸತ್ತ ದನದ ಯಕೃತ್ತು: ಈ ನಾಲ್ಕರ ಮಾದರಿಯನ್ನು ವರ್ಷವಿಡೀ, ಇರುಳಲ್ಲೂ ತೆಗೆದು ನೋಡಲಿ. ಬಂದ ಅಂಕಿಗಳನ್ನು ಕನ್ನಡದಲ್ಲಿ ಬರೆದು, ಬೈರಮಂಗಲದ ರೈತರು ದಿನವೂ ಹಾಲು ಹಾಕಲು ಹೋಗುವ ಡೇರಿಯ ಗೋಡೆಗೆ ಅಂಟಿಸಲಿ.