ನೌರುವಿನ ಮೇಷ್ಟರು

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಭೂಪಟದ ಪುಸ್ತಕವನ್ನು ಒಂದು ಗಳಿಗೆ ಕೇಳಿ ತೆಗೆದುಕೊಳ್ಳಿ. ಆಸ್ಟ್ರೇಲಿಯದ ಈಶಾನ್ಯಕ್ಕೆ, ಸಮಭಾಜಕ ವೃತ್ತದ ತುಸು ಕೆಳಗೆ, ಶಾಂತಸಾಗರದ ನೀಲಿಯಲ್ಲಿ ನೌರು ಎಂಬ ಹೆಸರು ಕಂಡೀತು. ಹೆಸರು ಕಂಡರೂ ನೆಲ ಕಾಣುವುದು ಕಷ್ಟ. ದ್ವೀಪದ ವಿಸ್ತಾರ ಸುಮಾರು 21 ಚದರ ಕಿಲೋಮೀಟರು. ಬೆಳಗಿನ ತಂಪಿನಲ್ಲಿ ಹೊರಟವನು ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಸುತ್ತಿ ಬರಬಹುದು. ಇಷ್ಟು ಪುಟ್ಟ ನಾಡು ಮೂರು ದೊಡ್ಡ ಸರ್ಕಾರಗಳೊಡನೆ ವಾದಿಸಿ ಸ್ವಾತಂತ್ರ್ಯವನ್ನು ಪಡೆಯಿತು. ಅದರ ಪರವಾಗಿ ವಾದಕ್ಕೆ ನಿಂತವರು ಹ್ಯಾಮರ್ ಡಿರೊಬರ್ಟ್ ಎಂಬ ಶಾಲಾ ಉಪಾಧ್ಯಾಯರು. ನಾನೂ ಅದೇ ವೃತ್ತಿಯವನಾದ್ದರಿಂದ ಮಾತಿನಲ್ಲಿ ಕೊಂಚ ಪಕ್ಷಪಾತ ಕಂಡರೆ ವಾಚಕರು ಮನ್ನಿಸಬೇಕು.

ಕಥೆ ಮೊದಲಾಗುವುದು ಒಂದು ಕಲ್ಲಿನಿಂದ. ಸಿಡ್ನಿ ನಗರದ ಒಂದು ಕಚೇರಿಯಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ನೌರುವಿನಿಂದ ತಂದ ಕಲ್ಲೊಂದನ್ನು ಒತ್ತುಕೊಟ್ಟು ಇಟ್ಟಿದ್ದರು. ಮರವೇ ಕಲ್ಲಾಗಿದೆಯೆಂದು ಎಲ್ಲರ ನಂಬಿಕೆ. 1899ರಲ್ಲಿ ಆಲ್ಬರ್ಟ್ ಎಲ್ಲಿಸ್ ಎಂಬ ನೌಕರ ಅದನ್ನು ಪರೀಕ್ಷಿಸಿ ನೋಡಿದ. ಅದು ಉತ್ತಮ ದರ್ಜೆಯ ಫಾಸ್ಫೇಟು. ಹೊಲಕ್ಕೆ ಹಾಕುವ ಗೊಬ್ಬರದ ಮೂಲದ್ರವ್ಯ! ಆಗ ದ್ವೀಪ ಜರ್ಮನರ ವಶದಲ್ಲಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೂರೂ ಸೇರಿ 1919ರಲ್ಲಿ ಒಂದು ಮಂಡಳಿಯನ್ನು ಕಟ್ಟಿ ಅಗೆತವನ್ನು ತಮ್ಮ ಕೈಗೆ ತೆಗೆದುಕೊಂಡವು. ಅಗೆದ ಗೊಬ್ಬರ ಅಗ್ಗದ ದರದಲ್ಲಿ ಅವರ ರೈತರಿಗೆ ಹೋಯಿತು. ನೆಲದ ಒಡೆಯರ ಪಾಲಿಗೆ ಬಂದದ್ದು ಅತ್ಯಲ್ಪ.

ಡಿರೊಬರ್ಟರು ಹುಟ್ಟಿದ್ದು 1922ರಲ್ಲಿ. ಆಸ್ಟ್ರೇಲಿಯದ ಗೀಲಾಂಗ್ ಪಟ್ಟಣದಲ್ಲಿ ಓದಿ ಊರಿಗೆ ಮರಳಿ ಮಕ್ಕಳಿಗೆ ಪಾಠ ಹೇಳತೊಡಗಿದರು. ಅಷ್ಟರಲ್ಲಿ ಯುದ್ಧ. 1942ರಲ್ಲಿ ಜಪಾನೀಯರು ದ್ವೀಪವನ್ನು ಹಿಡಿದರು. ಮರುವರ್ಷ ಸುಮಾರು 1,200 ಜನರನ್ನು ಹಡಗಿಗೆ ತುಂಬಿ ದೂರದ ಟ್ರಕ್ ದ್ವೀಪಗಳಿಗೆ ಕೂಲಿಗಾಗಿ ಸಾಗಿಸಿದರು. ನಮ್ಮ ಮೇಷ್ಟರೂ ಅವರಲ್ಲಿ ಒಬ್ಬರು. ಹಸಿವು, ರೋಗ, ಬಾಂಬು. 1946ರ ಜನವರಿ 31ರಂದು ಹಡಗು ಮರಳಿ ನೌರುವನ್ನು ಮುಟ್ಟಿದಾಗ ಅದರಿಂದ ಇಳಿದವರು 737 ಮಂದಿ.

ಈ ಸಂಖ್ಯೆಯ ಭಾರ ತಿಳಿಯಬೇಕಾದರೆ ಇನ್ನೊಂದು ಸಂಗತಿ ಹೇಳಬೇಕು. ಒಂದು ಜನಾಂಗ ಉಳಿಯಬೇಕಾದರೆ ಕಡೆಯಪಕ್ಷ 1,500 ಜನರಾದರೂ ಇರಬೇಕೆಂದು ಅಲ್ಲಿ ಎಣಿಕೆ ಹಾಕಿದ್ದರು. 1932ರಲ್ಲಿ ಆ ಸಂಖ್ಯೆಯನ್ನು ತುಂಬಿದ ಕೂಸು ಹುಟ್ಟಿದಾಗ ನಾಡೆಲ್ಲ ಹಬ್ಬ ಮಾಡಿತು. ಅಂಗಮ್ ಎಂಬ ಆ ಹಬ್ಬ ಈಗಲೂ ಅಕ್ಟೋಬರ್ 26ರಂದು ನಡೆಯುತ್ತದೆ. ಯುದ್ಧ ಆ ಎಣಿಕೆಯನ್ನು ಮುರಿಯಿತು. ಅದು ಮತ್ತೆ ತುಂಬಿದ್ದು 1949ರಲ್ಲಿ.

1956ರಲ್ಲಿ ಡಿರೊಬರ್ಟರು ದ್ವೀಪದ ಮುಖ್ಯ ನಾಯಕರಾದರು. ಅಗೆತ ಮುಗಿದಾಗ ಈ ನೆಲದಲ್ಲಿ ಯಾರೂ ಬಾಳಲಾರರು ಎಂಬ ಮಾತು ಆಗಲೇ ಹುಟ್ಟಿತ್ತು. ಫಾಸ್ಫೇಟು ತೆಗೆದ ಕಡೆ ಉಳಿಯುವುದು ಆಳೆತ್ತರವನ್ನೂ ಮೀರಿದ ಹವಳದ ಕಲ್ಲುಗೂಟಗಳು. ಅವುಗಳ ನಡುವೆ ನಡೆಯುವುದೇ ದುಸ್ತರ, ಬೆಳೆಯ ಮಾತೆಲ್ಲಿ? ಆಸ್ಟ್ರೇಲಿಯ ಒಂದು ಉಪಾಯ ಸೂಚಿಸಿತು: ಕ್ವೀನ್ಸ್‌ಲೆಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಬನ್ನಿ, ಮನೆ ಕಟ್ಟಿಕೊಡುತ್ತೇವೆ, ನಮ್ಮ ಪೌರರಾಗಿ ಬಾಳಿ. ಡಿರೊಬರ್ಟರು ಕೇಳಿದ್ದು ಅಲ್ಲಿ ತಮ್ಮ ಜನ ಪ್ರತ್ಯೇಕ ನಾಡಿಗರಾಗಿ ತಮ್ಮನ್ನು ತಾವೇ ಆಳಿಕೊಳ್ಳುವ ಹಕ್ಕು. ಅದಕ್ಕೆ ಆಸ್ಟ್ರೇಲಿಯ ಒಪ್ಪಲಿಲ್ಲ. 1964ರಲ್ಲಿ ನೌರುವಿನವರು ಆ ಕೊಡುಗೆಯನ್ನು ಹಿಂತಿರುಗಿಸಿದರು. ಹಾಳುಬಿದ್ದ ಮನೆಯನ್ನು ಬಿಟ್ಟು ಹೊಸ ಮನೆಗೆ ಹೋಗೆಂದರೆ ಬುದ್ಧಿವಂತನಾದವನು ಹೋಗುತ್ತಾನೆ ಎನ್ನುವವರಿದ್ದಾರೆ. ಆದರೆ ಹಾಳು ಮಾಡಿದವನೇ ಬಂದು ಕರೆದಾಗ? ನೀವೇ ಯೋಚಿಸಿ.

ಮುಂದಿನದು ಚೌಕಾಸಿಯ ಕಥೆ. 1967ರ ಒಪ್ಪಂದದಂತೆ ಗಣಿಯ ಉಪಕರಣಗಳನ್ನೆಲ್ಲ ನೌರು 2 ಕೋಟಿ 10 ಲಕ್ಷ ಆಸ್ಟ್ರೇಲಿಯನ್ ಡಾಲರುಗಳಿಗೆ ಕೊಂಡಿತು. ರಕ್ಷಣೆ, ವಿದೇಶ ವ್ಯವಹಾರಗಳು ತನ್ನ ಕೈಯಲ್ಲಿರಲೆಂದು ಆಸ್ಟ್ರೇಲಿಯ ಬಯಸಿತು, ಡಿರೊಬರ್ಟರು ಜಗ್ಗಲಿಲ್ಲ. 1968ರ ಜನವರಿ 31ರಂದು, ಟ್ರಕ್‌ನಿಂದ ಉಳಿದವರು ಮನೆ ಸೇರಿದ ದಿನವನ್ನೇ ಆರಿಸಿಕೊಂಡು, ನೌರು ಸ್ವತಂತ್ರವಾಯಿತು. ಮೇಷ್ಟರು ಮೊದಲ ಅಧ್ಯಕ್ಷರಾದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ. ಆದರೆ ಸತ್ಯ ಅರ್ಧವಾಗುತ್ತದೆ. 1970ರಿಂದ ಗುದ್ದಲಿ ನೌರುವಿನದೇ ಕೈಗೆ ಬಂದರೂ ಅಗೆತ ನಿಲ್ಲಲಿಲ್ಲ. ಹಣ ಹರಿದು ಬಂತು. ಜನರಿಗೆ ಆಗ ಆದಾಯ ತೆರಿಗೆ ಇರಲಿಲ್ಲ. ನಾಡಿಗೆ ಸ್ವಂತ ವಿಮಾನಗಳು. ಮೆಲ್ಬರ್ನ್ ನಗರದಲ್ಲಿ 52 ಅಂತಸ್ತುಗಳ ನೌರು ಭವನ. ಆ ಭವನವನ್ನು 2004ರಲ್ಲಿ ಸಾಲಕ್ಕಾಗಿ ಮಾರಬೇಕಾಯಿತು. ಕೂಡಿಟ್ಟದ್ದು ಸೋರಿಹೋದುದಕ್ಕೆ ಡಿರೊಬರ್ಟರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಆದರೂ ಲೆಕ್ಕದ ವಿಷಯದಲ್ಲಿ ಮೇಷ್ಟರು ಇನ್ನಷ್ಟು ಬಿಗಿಯಾಗಿರಬೇಕಿತ್ತೆಂದೇ ನನ್ನ ಭಾವನೆ. 1976ರಲ್ಲಿ ಅವರು ಅಧಿಕಾರ ಕಳೆದುಕೊಂಡರು. 1978ರಲ್ಲಿ ಮರಳಿ ಬಂದರು.

ಹಳೆಯ ವಾದವನ್ನು ಮಾತ್ರ ಅವರು ಮರೆಯಲಿಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಅಗೆದ ನೆಲವನ್ನು ಅಗೆದವರೇ ಸರಿಪಡಿಸಿಕೊಡಬೇಕೆಂದು 1989ರ ಮೇ ತಿಂಗಳಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನೌರು ಆಸ್ಟ್ರೇಲಿಯದ ಮೇಲೆ ದಾವೆ ಹೂಡಿತು. ಅದೇ ಆಗಸ್ಟಿನಲ್ಲಿ ಸಂಸತ್ತು ಅವಿಶ್ವಾಸ ಸೂಚಿಸಿ ಡಿರೊಬರ್ಟರನ್ನು ಇಳಿಸಿತು. ದಾವೆ ನಿಲ್ಲಲಿಲ್ಲ. ಇದನ್ನು ವಿಚಾರಿಸುವ ಅಧಿಕಾರ ತನಗುಂಟೆಂದು ನ್ಯಾಯಾಲಯ ತೀರ್ಪಿತ್ತದ್ದು 1992ರ ಜೂನ್ 26ರಂದು. ಜುಲೈ 15ರಂದು ಡಿರೊಬರ್ಟರು ಮೆಲ್ಬರ್ನ್‌ನಲ್ಲಿ ತೀರಿಕೊಂಡರು. ಮರುವರ್ಷ ಆಸ್ಟ್ರೇಲಿಯ 10 ಕೋಟಿ 70 ಲಕ್ಷ ಡಾಲರು ಕೊಡಲೊಪ್ಪಿ ರಾಜಿ ಮಾಡಿಕೊಂಡಿತು.

ನಡುದ್ವೀಪದ ಬಹುಭಾಗದಲ್ಲಿ ಆ ಕಲ್ಲುಗೂಟಗಳು ಇನ್ನೂ ನಿಂತಿವೆ. ಜನ ಈಗಲೂ ಹೆಚ್ಚಾಗಿ ಕಡಲಂಚಿನ ಕಿರಿದಾದ ಪಟ್ಟಿಯಲ್ಲೇ ವಾಸವಾಗಿದ್ದಾರೆ.