ಒಂದು ಆಂಪ್, ಹಲವು ದನಿ: ಬಹು-ಚಾನೆಲ್ ವಾಲ್ವ್ ಆಂಪ್ಲಿಫೈಯರ್ ಬೆಳೆದು ಬಂದ ಬಗೆ

ಎಲೆಕ್ಟ್ರಿಕ್ ಗಿಟಾರಿನ ತಂತಿ ಮೀಟಿದಾಗ ಅದರ ಕಂಪನವನ್ನು ಗ್ರಹಿಸುವ ಪಿಕಪ್‌ನಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಬಹಳ ದುರ್ಬಲ. ಸ್ಪೀಕರನ್ನು ನಡುಗಿಸುವ ಬಲ ಅದಕ್ಕೆ ಬರುವುದು ಆಂಪ್ಲಿಫೈಯರಿನಿಂದ. ಅರೆವಾಹಕಗಳು ಬರುವ ಮೊದಲು ಈ ಕೆಲಸ ಮಾಡುತ್ತಿದ್ದುದು ವಾಲ್ವ್, ಅಂದರೆ ಗಾಳಿ ತೆಗೆದ ಗಾಜಿನ ಕೊಳವೆ. ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಎರಡು ವಿದ್ಯುದ್ವಾರಗಳ ವಾಲ್ವ್ ರೂಪಿಸಿದರು. 1906ರಲ್ಲಿ ಲೀ ಡಿ ಫಾರೆಸ್ಟ್ ಅದಕ್ಕೆ ಗ್ರಿಡ್ ಎಂಬ ಮೂರನೆಯದನ್ನು ಸೇರಿಸಿದರು; ಇದೇ ಟ್ರಯೋಡ್. ಗ್ರಿಡ್ಡಿಗೆ ಕೊಟ್ಟ ಸಣ್ಣ ಸಂಕೇತವು ಕ್ಯಾಥೋಡಿನಿಂದ ಆನೋಡಿಗೆ ಹರಿಯುವ ದೊಡ್ಡ ಪ್ರವಾಹವನ್ನು ಹಿಡಿತದಲ್ಲಿಡುತ್ತದೆ. ರೇಡಿಯೋ, ಮೈಕ್ ಸೆಟ್, ಗಿಟಾರ್ ಆಂಪ್ ಮೂರೂ ನಿಂತಿರುವುದು ಈ ತತ್ತ್ವದ ಮೇಲೆ.

ಕರ್ನಾಟಕಕ್ಕೆ ವಾಲ್ವ್ ಬಂದದ್ದು ರೇಡಿಯೋ ದಾರಿಯಲ್ಲಿ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. 1950ರಲ್ಲಿ ಧಾರವಾಡ ಕೇಂದ್ರ ಶುರುವಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಗೆ ಕೈಹಾಕಿತು. ಮರುವರ್ಷವೇ ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಗಿಟಾರ್ ಆಂಪ್‌ಗಳ ಜೀವಾಳವಾದ ಇಸಿಸಿ83, ಇಎಲ್84 ವಾಲ್ವ್ ಮಾದರಿಗಳೂ ಬಿಇಎಲ್ ಮುದ್ರೆಯಲ್ಲಿ ಹೊರಬಂದವು. ಹಳೆಯ ಆಂಪ್ ದುರಸ್ತಿ ಮಾಡುವವರು ಇಂದಿಗೂ ಅವನ್ನು ಹುಡುಕಿ ಕೊಳ್ಳುತ್ತಾರೆ.

ಮೈಕ್ ಸೆಟ್ಟಿಗೂ ಗಿಟಾರ್ ಆಂಪ್‌ಗೂ ಒಳಗಿನ ಭಾಗಗಳು ಹೆಚ್ಚುಕಡಿಮೆ ಒಂದೇ ಆದರೂ ಗುರಿ ಬೇರೆ. ಕೊಪ್ಪಳ ಜಿಲ್ಲೆಯ ತಳಕಲ್, ಕುಕನೂರು, ಯಲಬುರ್ಗಾ ಸೀಮೆಯ ಜಾತ್ರೆಯಲ್ಲಾಗಲಿ ರಾತ್ರಿಯಿಡೀ ನಡೆಯುವ ನಾಟಕದಲ್ಲಾಗಲಿ ಮೈಕ್ ಸೆಟ್ ಮಾಡಬೇಕಾದದ್ದು ಪಾತ್ರಧಾರಿಯ ಮಾತನ್ನು ಇದ್ದಂತೆಯೇ ಕೊನೆಯ ಸಾಲಿನವರಿಗೂ ಮುಟ್ಟಿಸುವುದು. ಅಲ್ಲಿ ದನಿ ಒಡೆದರೆ ಅದು ದೋಷ. ಗಿಟಾರ್ ಆಂಪ್‌ನಲ್ಲಿ ಹಾಗಲ್ಲ. ವಾಲ್ವನ್ನು ಮಿತಿ ಮೀರಿ ದುಡಿಸಿದಾಗ ಸಂಕೇತದ ಅಲೆಯ ತುದಿಗಳು ಮೆಲ್ಲಗೆ ಚಪ್ಪಟೆಯಾಗಿ ಹೊಸ ಅನುಸ್ವರಗಳು ಹುಟ್ಟುತ್ತವೆ, ಸ್ವರ ದೀರ್ಘವಾಗಿ ನಿಲ್ಲುತ್ತದೆ. ಈ ಒಡಕನ್ನೇ ಗಿಟಾರ್ ವಾದಕರು ಸಂಗೀತದ ಬಣ್ಣವಾಗಿ ಬಳಸಿದರು. ಸ್ವಚ್ಛ ದನಿಯೂ ಬೇಕು, ಒಡೆದ ದನಿಯೂ ಬೇಕು ಎಂಬ ಈ ಎರಡು ಬೇಡಿಕೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಪೂರೈಸುವ ಪ್ರಯತ್ನವೇ ಬಹು-ಚಾನೆಲ್ ಆಂಪ್‌ನ ಇತಿಹಾಸ.

ಚಾನೆಲ್ ಎಂದರೆ ಆಂಪ್‌ನೊಳಗೆ ಸಂಕೇತ ಸಾಗುವ, ತನ್ನದೇ ನಿಯಂತ್ರಣಗಳಿರುವ ದಾರಿ. ಮೊದಲ ಚಾನೆಲ್‌ಗಳು ಈ ಉದ್ದೇಶಕ್ಕೆ ಹುಟ್ಟಿದವಲ್ಲ. ಅಮೆರಿಕದ ಫೆಂಡರ್ ಸಂಸ್ಥೆ 1950ರ ದಶಕದ ಕೊನೆಯ ವರ್ಷಗಳಲ್ಲಿ ತಯಾರಿಸಿದ ಬಾಸ್‌ಮನ್‌ನಲ್ಲಿ ಎರಡು ಚಾನೆಲ್, ನಾಲ್ಕು ಇನ್‌ಪುಟ್ ಇದ್ದವು. ಒಬ್ಬರಿಗಿಂತ ಹೆಚ್ಚು ಕಲಾವಿದರು ಒಂದೇ ಪೆಟ್ಟಿಗೆಗೆ ತಂತಿ ಜೋಡಿಸಿ ನುಡಿಸಬಹುದಿತ್ತು. ಬ್ರಿಟನ್ನಿನಲ್ಲಿ ಡಿಕ್ ಡೆನ್ನಿ ವಿನ್ಯಾಸಗೊಳಿಸಿದ ವಾಕ್ಸ್ ಎಸಿ30 ನಾಲ್ಕು ಇಎಲ್84 ವಾಲ್ವ್‌ಗಳಿಂದ ನಡೆಯುತ್ತಿತ್ತು. ಅದರ ಆರು ಇನ್‌ಪುಟ್‌ಗಳ ಮಾದರಿಯಲ್ಲಿ ಮೂರು ಚಾನೆಲ್‌ಗಳಿದ್ದವು. ಲಂಡನ್ನಿನ ಜಿಮ್ ಮಾರ್ಷಲ್ 1962ರ ಸುಮಾರಿಗೆ ಬಾಸ್‌ಮನ್ ವಿನ್ಯಾಸವನ್ನೇ ಆಧರಿಸಿ ಜೆಟಿಎಂ45 ತಯಾರಿಸಿದರು. ವಾದಕರು ಗಿಡ್ಡ ತಂತಿಯೊಂದರಿಂದ ಅದರ ಎರಡೂ ಚಾನೆಲ್‌ಗಳನ್ನು ಬೆಸೆದು, ಒಂದರ ಮೊನಚು ಮತ್ತೊಂದರ ಗಾತ್ರ ಸೇರಿದ ದನಿ ಪಡೆದರು. ಹಲವರಿಗೆಂದು ಇದ್ದ ಸೌಕರ್ಯ ಹೀಗೆ ಒಬ್ಬರ ಸಾಧನವಾಯಿತು.

ಆ ಕಾಲದ ಆಂಪ್‌ಗಳ ತೊಡಕೆಂದರೆ, ದನಿ ಒಡೆಯಬೇಕಾದರೆ ವಾಲ್ಯೂಮ್ ತುಂಬ ಏರಿಸಲೇಬೇಕಿತ್ತು. 100 ವ್ಯಾಟಿನ ಆಂಪ್ ಆ ಮಟ್ಟಕ್ಕೆ ಹೋದಾಗ ಸಣ್ಣ ಸಭಾಂಗಣದಲ್ಲಿ ಕೂರಲಾಗದಷ್ಟು ಸದ್ದು. 1970ರ ದಶಕದಲ್ಲಿ ಇದಕ್ಕೆ ಉತ್ತರ ದೊರೆಯಿತು. ಮಾರ್ಷಲ್‌ನ 2203 ಮಾದರಿಯಲ್ಲಿ, ಹಿಂದೆ ಅಕ್ಕಪಕ್ಕದಲ್ಲಿದ್ದ ಎರಡು ಚಾನೆಲ್‌ಗಳ ಮೊದಲ ವರ್ಧನ ಹಂತಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ, ಕೊನೆಗೆ ಮಾಸ್ಟರ್ ವಾಲ್ಯೂಮ್ ಇಡಲಾಯಿತು. ಒಡಕು ಪವರ್ ವಾಲ್ವ್‌ಗಳಿಗೂ ಮೊದಲು ಬರುವ ಪ್ರಿಆಂಪ್‌ನಲ್ಲೇ ಹುಟ್ಟತೊಡಗಿದ್ದರಿಂದ ಹೊರಬರುವ ಸದ್ದನ್ನು ಬೇರೆಯಾಗಿ ತಗ್ಗಿಸಬಹುದಾಯಿತು. ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ಪುಟ್ಟ ಫೆಂಡರ್ ಆಂಪ್‌ಗಳನ್ನು ಮಾರ್ಪಡಿಸುತ್ತಲೇ ಮೆಸಾ ಬೂಗಿ ಆಂಪ್‌ಗಳನ್ನು ಕಟ್ಟಿದವರು. ಅವರ ಮಾರ್ಕ್ II ಆ ದಶಕದ ಕೊನೆಯಲ್ಲಿ ಕಾಲೊತ್ತು ಸ್ವಿಚ್‌ನಿಂದ ಚಾನೆಲ್ ಬದಲಿಸುವ ಅನುಕೂಲ ತಂದಿತು. ಹಾಡಿನ ಚರಣಕ್ಕೆ ತಿಳಿ ದನಿ, ನಡುವಿನ ಸೋಲೋಗೆ ಒಡೆದ ದನಿ; ಕೈ ತಂತಿಯ ಮೇಲೇ ಇರುವಂತೆ ಎರಡೂ ಸಿಕ್ಕವು.

ಚಾನೆಲ್‌ಗಳು ಬೇರೆಯಾಗಬೇಕಾದದ್ದಕ್ಕೆ ತಾಂತ್ರಿಕ ಕಾರಣವೂ ಇದೆ. ತಿಳಿ ದನಿಗೆ ತುಂಬಿದ ಬಾಸ್ ಚೆಂದ. ಅದೇ ಬಾಸ್ ಹಲವು ಹಂತಗಳಲ್ಲಿ ಹೆಚ್ಚುತ್ತ ಹೋದರೆ ದನಿ ಕಲಸಿಹೋಗುತ್ತದೆ. ಹಾಗಾಗಿ ಹೆಚ್ಚು ಗೇನ್ (ವರ್ಧನೆ) ಇರುವ ಚಾನೆಲ್ಲಿನಲ್ಲಿ ಒಡಕಿಗೆ ಮೊದಲೇ ಬಾಸನ್ನು ಕಡಿದು, ಟೋನ್ ನಿಯಂತ್ರಣಗಳನ್ನು ಸಾಮಾನ್ಯವಾಗಿ ಒಡಕಿನ ನಂತರ ಇಡುತ್ತಾರೆ. ಒಂದೇ ಜೋಡಣೆ ಎರಡಕ್ಕೂ ಒಪ್ಪುವುದಿಲ್ಲ. ಇಸಿಸಿ83 ವಾಲ್ವಿನ ಒಂದೇ ಗಾಜಿನೊಳಗೆ ಎರಡು ಟ್ರಯೋಡ್‌ಗಳಿರುವುದರಿಂದ ನಾಲ್ಕೈದು ವಾಲ್ವ್‌ಗಳಲ್ಲಿ ಎಂಟು–ಹತ್ತು ಹಂತಗಳು ಸಿಗುತ್ತವೆ. ಯಾವ ಹಂತಗಳು ದಾರಿಯಲ್ಲಿರಬೇಕೆಂಬುದನ್ನು ರಿಲೇ ಎಂಬ ವಿದ್ಯುತ್ ಚಾಲಿತ ಸ್ವಿಚ್‌ಗಳು ನಿರ್ಧರಿಸುತ್ತವೆ. ಪವರ್ ವಾಲ್ವ್‌ಗಳು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮತ್ತು ಸ್ಪೀಕರ್ ಸಾಮಾನ್ಯವಾಗಿ ಎಲ್ಲ ಚಾನೆಲ್‌ಗಳಿಗೂ ಒಂದೇ.

1987ರ ಸೊಲ್ಡಾನೊ ಎಸ್‌ಎಲ್‌ಒ-100, 1990ರ ದಶಕದ ಮೆಸಾ ಡ್ಯುಯಲ್ ರೆಕ್ಟಿಫೈಯರ್ ಮತ್ತು ಪೀವಿ 5150 ಭಾರೀ ಗೇನ್‌ನ ದನಿಯನ್ನು ಮುಖ್ಯವಾಹಿನಿಗೆ ತಂದವು. 2007ರಲ್ಲಿ ಬಂದ ಮಾರ್ಷಲ್ ಜೆವಿಎಂ410ರಲ್ಲಿ ನಾಲ್ಕು ಚಾನೆಲ್, ಪ್ರತಿಯೊಂದಕ್ಕೂ ಮೂರು ಮೋಡ್. ಒಟ್ಟು 12 ದನಿಗಳು. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಎಂಬ ಹೆವಿ ಮೆಟಲ್ ತಂಡಗಳು ನುಡಿಸಿದವು. ಒಡೆದ ಗಿಟಾರಿನ ದನಿಯ ಮೇಲೇ ಕಟ್ಟಿದ ಸಂಗೀತವನ್ನು ಕನ್ನಡ ನಾಡಿನ ಕೇಳುಗರು ತಮ್ಮ ನೆಲದಲ್ಲೇ ನೇರವಾಗಿ ಕೇಳಿದರು. ಈಚೆಗೆ ವಾಲ್ವ್ ದನಿಯನ್ನು ಲೆಕ್ಕಾಚಾರದಿಂದ ಅನುಕರಿಸುವ ಡಿಜಿಟಲ್ ಸಾಧನಗಳು ಹಗುರವಾಗಿಯೂ ಅಗ್ಗವಾಗಿಯೂ ದೊರೆಯುತ್ತಿವೆ. ಅವೂ ಮಾದರಿಯಾಗಿ ಇಟ್ಟುಕೊಂಡಿರುವುದು ಇವೇ ಹಳೆಯ ಆಂಪ್‌ಗಳನ್ನು.

ಇಂಥ ಆಂಪನ್ನು ಪರಿಚಯ ಮಾಡಿಕೊಳ್ಳುವವರು ಒಂದೊಂದೇ ಚಾನೆಲ್ಲನ್ನು ತೆಗೆದುಕೊಳ್ಳುವುದು ಒಳ್ಳೆಯದು. ಟೋನ್ ಗುಂಡಿಗಳನ್ನೆಲ್ಲ ನಡುವಿನಲ್ಲಿಟ್ಟು, ಮೊದಲು ತಿಳಿ ಚಾನೆಲ್ಲಿನ ಗೇನ್ ಏರಿಸುತ್ತ ದನಿ ಎಲ್ಲಿ ಒಡೆಯತೊಡಗುತ್ತದೆಂದು ಕಿವಿಯಿಂದ ಗುರುತಿಸಬೇಕು. ಆಮೇಲೆ ಉಳಿದ ಚಾನೆಲ್‌ಗಳ ವಾಲ್ಯೂಮನ್ನು ಅದಕ್ಕೆ ಹೊಂದಿಸಿದರೆ ಬದಲಿಸುವಾಗ ಸದ್ದು ದಿಢೀರನೆ ಏರಿಳಿಯದು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪನ್ನು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಆಂಪ್‌ನ 4, 8 ಅಥವಾ 16 ಓಮ್ ಆಯ್ಕೆ ಸ್ಪೀಕರಿಗೆ ತಾಳೆಯಾಗಬೇಕು. ಅಮೆರಿಕದಿಂದ ತಂದ 120 ವೋಲ್ಟಿನ ಆಂಪ್‌ಗೆ ನಮ್ಮ 230 ವೋಲ್ಟಿನ ವಿದ್ಯುತ್ತನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ವಿದ್ಯುತ್ ಏರುಪೇರಾಗುವ ಊರುಗಳಲ್ಲಿ ಸ್ಟೆಬಿಲೈಸರ್ ಇದ್ದರೆ ವಾಲ್ವ್‌ಗಳು ಹೆಚ್ಚು ಕಾಲ ಬಾಳುತ್ತವೆ. ಪೆಟ್ಟಿಗೆಯೊಳಗಿನ ಕೆಪಾಸಿಟರ್‌ಗಳು ಸ್ವಿಚ್ ಆರಿಸಿದ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಲ್ಲವು. ಆದ್ದರಿಂದ ಪವರ್ ವಾಲ್ವ್‌ಗಳ ಬಯಾಸ್ (ಸಂಕೇತವಿಲ್ಲದಾಗ ಹರಿಯುವ ಪ್ರವಾಹದ ಮಟ್ಟ) ಹೊಂದಿಸುವುದನ್ನೂ ಒಳಗಿನ ದುರಸ್ತಿಯನ್ನೂ ತಿಳಿದ ತಂತ್ರಜ್ಞರೇ ಮಾಡಬೇಕು.