ಕಂಪ್ಯೂಟರಿನ ರಿಪೇರಿ ಬಾಗಿಲು: 50 ವರ್ಷದ ಕತೆ

ಕಂಪ್ಯೂಟರ್ ಆನ್ ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ. ಕಪ್ಪು ಪರದೆ, ಬಿಳಿ ಅಕ್ಷರ. ಪೇಟೆಯ ಅಂಗಡಿಗೆ ಒಯ್ದರೆ ಮೊದಲ ಮಾತೇ 'ಫಾರ್ಮ್ಯಾಟ್ ಹೊಡೀಬೇಕು'. ಮದುವೆ ಫೋಟೊ, ಸಂಘದ ಲೆಕ್ಕ ಎಲ್ಲಾ ಹೋದಂತೆ. ಆದರೆ ನಿಂತ ಯಂತ್ರವೆಲ್ಲ ಸತ್ತ ಯಂತ್ರವಲ್ಲ. ಲಿನಕ್ಸ್ ಕಂಪ್ಯೂಟರಿನಲ್ಲಿ ಇಂಥ ಹೊತ್ತಿಗೆಂದೇ ಒಂದು ರಿಪೇರಿ ಬಾಗಿಲಿದೆ. ಅದು ಲಿನಕ್ಸ್‌ಗಿಂತಲೂ ಹಳೆಯದು.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಯುನಿಕ್ಸ್ ಕಟ್ಟಲು ಶುರುಮಾಡಿದರು. ಆಗೆಲ್ಲ ಒಂದೇ ಕಂಪ್ಯೂಟರನ್ನು ಹತ್ತಾರು ಜನ ಒಟ್ಟಿಗೆ ಬಳಸುತ್ತಿದ್ದರು. ಯಂತ್ರ ತಟ್ಟನೆ ನಿಂತರೆ, ಯಾವ ಫೈಲು ಎಲ್ಲಿದೆ ಎಂಬ ಡಿಸ್ಕಿನ ಲೆಕ್ಕ ಏರುಪೇರಾಗುತ್ತಿತ್ತು. ಬೇರೆಯವರು ಅದರಲ್ಲೇ ಬರೆಯುತ್ತಿರುವಾಗ ಸರಿಮಾಡಲು ಹೋದರೆ ಇನ್ನಷ್ಟು ಹಾಳು. ನಮ್ಮೂರ ಲೈನ್‌ಮನ್ ಎಲ್‌ಸಿ ತಗೊಂಡ ಮೇಲೆ ತಾನೆ ಕಂಬ ಹತ್ತೋದು? ಇಲ್ಲೂ ಹಾಗೇ. ಎಲ್ಲರನ್ನೂ ಹೊರಗಿಟ್ಟು ಒಬ್ಬರಿಗಷ್ಟೇ ತೆರೆಯುವ ವ್ಯವಸ್ಥೆ ಬೇಕಾಯಿತು. ಅದೇ 'ಸಿಂಗಲ್ ಯೂಸರ್ ಮೋಡ್'. 1975ರ ಯುನಿಕ್ಸ್ ಆರನೇ ಆವೃತ್ತಿಯಲ್ಲಿ, ಪಿಡಿಪಿ-11 ಕಂಪ್ಯೂಟರಿನ ಮುಂಭಾಗದ ಸ್ವಿಚ್ಚುಗಳಲ್ಲಿ 173030 ಎಂಬ ಸಂಖ್ಯೆ ಇಟ್ಟು ಚಾಲೂ ಮಾಡಿದರೆ ಈ ಬಾಗಿಲು ತೆರೆಯುತ್ತಿತ್ತು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದರು. ಯುನಿಕ್ಸ್‌ನ ದಾರಿಯಲ್ಲೇ ನಡೆದ ಲಿನಕ್ಸ್‌ಗೆ ಈ ಬಾಗಿಲೂ ಬಂತು. ಸ್ವಿಚ್ಚಿನ ಜಾಗದಲ್ಲಿ ಕೀಬೋರ್ಡ್ ಬಂತು. ಆನ್ ಆಗುವಾಗ 'ಸಿಂಗಲ್' ಎಂದೋ 1 ಎಂದೋ ಬರೆದರೆ ಸಾಕಿತ್ತು. 2010ರಲ್ಲಿ ಬಂದ ಸಿಸ್ಟಮ್‌ಡಿಯಲ್ಲಿ ಇಂಥ ಬಾಗಿಲು ಎರಡಿವೆ. 'ರೆಸ್ಕ್ಯೂ'ನಲ್ಲಿ ಡಿಸ್ಕುಗಳು ಜೋಡಣೆಯಾಗಿ ಅಗತ್ಯದ ಕೆಲಸಗಳಷ್ಟೇ ನಡೆಯುತ್ತವೆ. 'ಎಮರ್ಜೆನ್ಸಿ'ಯಲ್ಲಿ ಅದೂ ಇಲ್ಲ, ಆಜ್ಞೆ ಬರೆಯಲು ಒಂದು ಪರದೆ ಮಾತ್ರ. ಉಬುಂಟುವಿನಲ್ಲಿ ಇದು ಶುರುವಿನ ಪಟ್ಟಿಯಲ್ಲೇ 'ರಿಕವರಿ ಮೋಡ್' ಎಂಬ ಹೆಸರಲ್ಲಿ ಸಿಗುತ್ತದೆ. ಅಲ್ಲಿಂದ ಡಿಸ್ಕಿನ ಲೆಕ್ಕ ಸರಿಪಡಿಸಬಹುದು, ಮರೆತ ಪಾಸ್‌ವರ್ಡ್ ಬದಲಿಸಬಹುದು.

ಅಪಾಯವೂ ಅಲ್ಲೇ ಇದೆ. ಕೀಬೋರ್ಡಿನ ಮುಂದೆ ಕೂತವರೇ ಯಜಮಾನರಾಗಿಬಿಟ್ಟರೆ? ಅದಕ್ಕೇ ಎಷ್ಟೋ ಕಡೆ ಈ ಬಾಗಿಲಿಗೂ ಪಾಸ್‌ವರ್ಡ್ ಬೀಗ ಬಂತು.

ನಮ್ಮ ನಿಮ್ಮ ಕೈಲಿರುವ ಆಂಡ್ರಾಯ್ಡ್ ಫೋನಿನ ಒಳತಿರುಳೂ ಲಿನಕ್ಸೇ. ಅದರಲ್ಲೂ 'ರಿಕವರಿ ಮೋಡ್' ಇದೆ. ಆದರೆ ಕಂಪನಿ ಕೊಟ್ಟ ಆ ಪಟ್ಟಿಯಲ್ಲಿ ರಿಪೇರಿಗಿಂತ ಅಳಿಸುವುದೇ ಮುಂದು: 'ವೈಪ್ ಡೇಟಾ' ಒತ್ತಿದರೆ ಫೋನಿನೊಳಗಿನ ಫೋಟೊ, ಮೆಸೇಜು ಎಲ್ಲ ಖಾಲಿ. ಕಂಪ್ಯೂಟರಿನಲ್ಲಿ ಯಜಮಾನನ ಕೈಗೆ ಬಂದ ಕೀಲಿ, ಫೋನಿನಲ್ಲಿ ಬಹುಮಟ್ಟಿಗೆ ಕಂಪನಿಯ ಹತ್ತಿರವೇ ಉಳಿದಿದೆ.

ಹಾಗಾಗಿ ಬೇಕಾದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಲಿನಕ್ಸ್ ಕಂಪ್ಯೂಟರ್ ನಿಂತರೆ, ಫಾರ್ಮ್ಯಾಟ್‌ಗೆ ಹೂಂ ಅನ್ನುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: "ರೆಸ್ಕ್ಯೂ ಮೋಡಲ್ಲಿ ನೋಡಿದ್ರಾ ಅಣ್ಣಾ?"